ಓಡೋದು ಬೇರೆ, ಓಡಿಸೋದು ಬೇರೆ

ರೇಸ್ ಓಡ್ತಿದ್ದಾಗ ನನ್ನ ಕಣ್ಣು ಯಾವಾಗ್ಲೂ ವಾಚ್ ಮೇಲೆ, ಇಲ್ಲಾ ಮುಂದಿರೋರ ಬೆನ್ನ ಮೇಲೆ. ಈಗ ಕೋಚಿಂಗ್ ಶುರು ಮಾಡಿದ್ಮೇಲೆ ನನ್ನ ಜಾಗ ಗುಂಪಿನ ಕೊನೇಲಿ, ಯಾಕಂದ್ರೆ ಕೋಚ್‌ಗೆ ಬೇಕಾಗಿರೋದೆಲ್ಲ ಕಾಣ್ಸೋದು ಹಿಂದಿನಿಂದಾನೇ, ಯಾರ ಪಾದ ಒಳಗಡೆ ವಾಲ್ತಿದೆ, ಯಾರ ಭುಜ ಕಿವಿ ಹತ್ರ ಏರಿದೆ, ಇಷ್ಟೊತ್ತು ಹರಟ್ತಿದ್ದೋರು ಯಾರು ಸುಮ್ನಾದ್ರು.

ಆ ಸುಮ್ನಾಗೋದು ಇದ್ಯಲ್ಲ, ಅದನ್ನ ನಾನು ತುಂಬಾ ಗಮನಿಸ್ತೀನಿ. ನಿಧಾನದ ಓಟದಲ್ಲಿ ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು, ಒಂದೊಂದೇ ಪದ ಬರ್ತಿದೆ ಅಂದ್ರೆ ಜೋರಾಯ್ತು ಅಂತ ಅರ್ಥ. 220ರಲ್ಲಿ ವಯಸ್ಸು ಕಳೆದ್ರೆ ಮ್ಯಾಕ್ಸಿಮಮ್ ಹಾರ್ಟ್‌ರೇಟ್, ಅಂದ್ರೆ ಹೃದಯ ನಿಮಿಷಕ್ಕೆ ಹೆಚ್ಚಂದ್ರೆ ಎಷ್ಟು ಸಲ ಬಡಿಯುತ್ತೆ ಅನ್ನೋದು, ಬರುತ್ತೆ ಅಂತಾರೆ, ಆದ್ರೆ ಅದು ಬರೀ ಸರಾಸರಿ ಲೆಕ್ಕ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬೀಟ್ಸ್ ಆಚೆ ಈಚೆ ಆಗೋದು ಮಾಮೂಲು. ಹಂಗಾಗಿ ಹೊಸಬ್ರ ಹತ್ರ ಹಾರ್ಟ್‌ರೇಟ್ ತೋರ್ಸೋ ವಾಚ್ ಬಿಚ್ಚಿಡಿ ಅಂತೀನಿ, ಪಕ್ಕದಲ್ಲಿ ಓಡ್ತಾ ಮನೆ ವಿಷ್ಯ ಕೇಳ್ತೀನಿ. "ನನ್ ಕೈಲಾಗಲ್ಲ ಸರ್" ಅಂತಿದ್ದ ಒಬ್ರು ಆಂಟಿ ಮಗಳ ಪರೀಕ್ಷೆ ಕಥೆ ಹೇಳ್ತಾ ಹೇಳ್ತಾ ಇಡೀ ಒಂದು ಸುತ್ತು ಮುಗಿಸ್ಬಿಟ್ರು, ಕಥೆ ಮುಗಿದ್ಮೇಲೇನೆ ಅವ್ರಿಗೆ ಗೊತ್ತಾಗಿದ್ದು.

ಹುರಿದುಂಬಿಸೋದೇ ಕೋಚ್ ಕೆಲ್ಸ ಅನ್ಕೊಂಡಿರ್ತೀವಿ, ನಿಜ ಹೇಳ್ಬೇಕಂದ್ರೆ ಅರ್ಧ ಕೆಲ್ಸ ತಡೆಯೋದೇ. ಕೆಲವೇ ವಾರದಲ್ಲಿ ದಮ್ಮು ಬಂದ್ಬಿಡುತ್ತೆ, ಆದ್ರೆ ಸ್ನಾಯುನ ಮೂಳೆಗೆ ಕಟ್ಟೋ ಟೆಂಡನ್‌ಗಳು ಗಟ್ಟಿಯಾಗೋಕೆ ತಿಂಗಳುಗಟ್ಲೆ ಬೇಕು. ಉಸಿರು "ಓಡು" ಅನ್ನುತ್ತೆ, ಮೊಣಕಾಲು ಕೆಳಗಿನ ಮೂಳೆ ನೋವು ಶುರು ಮಾಡುತ್ತೆ. ಅದಕ್ಕೆ ನನ್ನ ಹೊಸಬ್ರು ಒಂದ್ ನಿಮಿಷ ಜಾಗ್, ಎರಡ್ ನಿಮಿಷ ನಡಿಗೆ. ನಡೆದ್ರೆ ಮರ್ಯಾದೆ ಹೋಯ್ತು ಅನ್ನೋರಿಗೆ ಜೆಫ್ ಗ್ಯಾಲೋವೇ ಹೆಸ್ರು ಹೇಳ್ತೀನಿ, 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಮನುಷ್ಯ, ಅವ್ರೇ ಸಾಮಾನ್ಯ ಜನಕ್ಕೆ ನಡುನಡುವೆ ನಡೀರಿ ಅಂತ ಕಲ್ಸಿದ್ದು.

ಇನ್ನು ಹೊಗಳಿಕೆ. ಎಲ್ರಿಗೂ "ಸೂಪರ್ ಸೂಪರ್" ಅಂದ್ರೆ ಎರಡನೇ ವಾರಕ್ಕೆ ಯಾರೂ ಕಿವಿಗೆ ಹಾಕ್ಕೊಳಲ್ಲ (ಜಿಮ್‌ನಲ್ಲಿ ಕಿರುಚೋ ಕೋಚ್‌ಗಳನ್ನ ಕಂಡ್ರೆ ನಂಗೆ ಮೊದ್ಲಿಂದ್ಲೂ ಅಲರ್ಜಿ). "ಇವತ್ತು ಕೊನೇ ಸುತ್ತಲ್ಲೂ ಭುಜ ಸಡಿಲ ಇತ್ತು" ಅನ್ನಿ, ಮುಖ ಅರಳುತ್ತೆ, ನೋಡಿದಾರೆ ಅಂತ ಗೊತ್ತಾಗುತ್ತಲ್ಲ. ಗ್ಯಾಪ್ ಮಾಡಿ ವಾಪಸ್ ಬಂದೋರನ್ನ ಯಾಕ್ ಬರ್ಲಿಲ್ಲ ಅಂತ ಕೇಳೋದೇ ಇಲ್ಲ, ಅವ್ರಾಗೇ ಹೇಳಿದ್ರೆ ಕೇಳ್ತೀನಿ, ಅಷ್ಟೆ. ಟೈಮಿಲ್ಲ ಅನ್ನೋರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದನ್ನೇ ಹೇಳೋದು, ವಾರಕ್ಕೆ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಸಾಕು, ಮೊದ್ಲಿನ ಹಾಗೆ ಒಂದೇ ಸಲಕ್ಕೆ ಹತ್ತು ನಿಮಿಷ ಆಗ್ಲೇಬೇಕು ಅಂತ ಇಲ್ಲ, ಐದು ನಿಮಿಷಾನೂ ಲೆಕ್ಕಕ್ಕೆ ಬರುತ್ತೆ.

ನನ್ನ ಹಾಗೇ ಓಡ್ತಾ ಓಡ್ತಾ ಕೋಚಿಂಗ್‌ಗೆ ಬರೋ ಆಸೆ ಇರೋರು ಯಾವ ಸರ್ಟಿಫಿಕೇಟ್ ಮಾಡ್ಲಿ ಅಂತ ಕೇಳ್ತಿರ್ತಾರೆ. ಅದು ಆಮೇಲೆ, ಮೊದ್ಲು ಸಿಪಿಆರ್ (ಹೃದಯ ನಿಂತೋದೋರಿಗೆ ಮಾಡೋ ಪ್ರಥಮ ಚಿಕಿತ್ಸೆ) ಕಲೀರಿ, ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತೋದು, ಗೊಂಬೆ ಮೇಲೆ ಕೈ ನೋಯೋ ತನಕ ಪ್ರಾಕ್ಟೀಸ್ ಮಾಡಿ. ಮತ್ತೆ ಯಾರಾದ್ರೂ ಓಡುವಾಗ ಎದೆ ಹಿಡಿದಂಗಾಗುತ್ತೆ ಅಂದ್ರೆ ಗ್ಯಾಸು ಗೀಸು ಅಂತ ಸಮಾಧಾನ ಮಾಡ್ಬೇಡಿ, ಅಲ್ಲೇ ನಿಲ್ಸಿ ಆಸ್ಪತ್ರೆಗೆ ಕಳ್ಸಿ.