ಭೀಮನ ಅಮಾವಾಸ್ಯೆ, ಫಾರ್ಮ್ ಸಿ

24 ಜುಲೈ 2025, ಗುರುವಾರ
ಮಂಡಗದ್ದೆ ಹತ್ತಿರದ ನಮ್ಮನೆ, ರಾತ್ರಿ

ಸಂಜೆ ಹೋದ ಕರೆಂಟ್ ಇನ್ನೂ ಬಂದಿಲ್ಲ. ಮೊಬೈಲಿನಲ್ಲಿ 31 ಪರ್ಸೆಂಟ್ ಉಳಿದಿದೆ. ಮಗಳು ಪುಟ್ಟಿ ಅಮ್ಮನ ಮಗ್ಗುಲಲ್ಲಿ ನಿದ್ದೆಹೋಗಿದ್ದಾಳೆ. ಮೂರು ವರ್ಷದ ನಂತರ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳ್ತಾ ಇದ್ದೀನಿ. ಸುಖವಾಗಿ ಮಲಗಬೇಕಿತ್ತು, ನಿದ್ದೆ ಬರ್ತಿಲ್ಲ.

ಬೆಳಿಗ್ಗೆ ಪೂಜೆ ಆಯಿತು. ಅಮ್ಮ ಅಪ್ಪಯ್ಯನ ಕಾಲಿಗೆ ನೀರು ಹಾಕಿದಳು. ನನ್ನ ಕೈಗೂ ಅರಿಶಿನ ಕೊಂಬಿನ ದಾರ ಕಟ್ಟಿದಳು. ನನ್ನ ಗಂಡ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಇನ್ನೂ ಕಣ್ಣೇ ಬಿಟ್ಟಿರಲಿಲ್ಲ, ಅಲ್ಲಿ ಆಗ ಬೆಳಗಿನ ಜಾವ ನಾಲ್ಕೂವರೆ. ತಮ್ಮ ಹೊಸ್ತಿಲ ಮೇಲೆ ಭಂಡಾರ ಒಡೆದ. ಕಡುಬಿನೊಳಗಿನ ಐದು ರೂಪಾಯಿ ನಾಣ್ಯ ಪುಟ್ಟಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕಿತ್ತುಕೊಂಡಿದ್ದಾಯಿತು. ಊಟಕ್ಕೆ ಪತ್ರೊಡೆ ಇತ್ತು. ಉಳಿದದ್ದೇನೂ ನೆನಪಿಲ್ಲ.

ಮಧ್ಯಾಹ್ನ ಮೂರಕ್ಕೆ ತಮ್ಮ ಫೋನ್ ಹಿಡಿದು ಜಗಲಿಗೆ ಬಂದ. "ಅಕ್ಕ, ಪುಟ್ಟಿಯ ಸಿ ಫಾರ್ಮ್ ಇವತ್ತು ಸಂಜೆಯೊಳಗೆ ಹಾಕ್ಬೇಕು" ಅಂದ. ನಾವು ನಿನ್ನೆ ಸಂಜೆ ಮನೆ ಮುಟ್ಟಿದ್ದು. ವಿದೇಶಿಯರನ್ನು ಉಳಿಸಿಕೊಂಡವರು 24 ಗಂಟೆಯೊಳಗೆ ತಿಳಿಸಬೇಕು. ಹೋಟೆಲು, ಹೋಂಸ್ಟೇಗಷ್ಟೇ ಅಲ್ಲ, ಸ್ವಂತ ಮನೆಗೂ ಆ ನಿಯಮ ಇದೆ. ತಮ್ಮ ಹೋದ ವಾರವೇ ಶಿವಮೊಗ್ಗಕ್ಕೆ ಹೋಗಿ ವಿಚಾರಿಸಿಕೊಂಡು, ಅಪ್ಪಯ್ಯನ ಹೆಸರಿನಲ್ಲಿ ಲಾಗಿನ್ ಮಾಡಿಸಿಟ್ಟಿದ್ದ. ಆಚೆಮನೆಯವರ ಹೋಂಸ್ಟೇಯಲ್ಲಿ ಫ್ರೆಂಚರು ಬಂದಾಗೆಲ್ಲ ಅವನೇ ತುಂಬಿಕೊಡುವುದು, ಹಾಗಾಗಿ ಅವನಿಗೆ ರೂಢಿ.

ಅಪ್ಪಯ್ಯ ಆಗಷ್ಟೇ ತೋಟದಿಂದ ಬಂದು ಕೈ ತೊಳೆದಿದ್ದರು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸೋಣ ಅಂದರೆ ಮಳೆ ಬಿಡ್ತಿಲ್ಲ, ಬೆಳಿಗ್ಗೆ ಎರಡು ತಾಸು ಹೊಳವಾದಾಗ ಮೈಲುತುತ್ತ ಕರಗಿಸಿದ್ದರು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ನೀಲಿ ಹಾಗೇ ಉಳಿಯುತ್ತೆ. ಆ ಕೈಯಲ್ಲೇ ಪುಟ್ಟಿಯನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದರು.

ತಮ್ಮ ಒಂದೊಂದಾಗಿ ಓದುತ್ತಾ ಹೋದ. ಹೆಸರು. ಹುಟ್ಟಿದ ದಿನ, 19 ಸೆಪ್ಟೆಂಬರ್ 2024. ರಾಷ್ಟ್ರೀಯತೆ. ಪಾಸ್‌ಪೋರ್ಟ್ ನಂಬರು. ವೀಸಾ ನಂಬರು. ಭಾರತಕ್ಕೆ ಬಂದ ದಿನ. ಇಲ್ಲಿ ಎಷ್ಟು ದಿನ ಇರ್ತಾರೆ. ಭಾರತದಲ್ಲಿ ಕೆಲಸದಲ್ಲಿದ್ದಾರಾ, ಹೌದು ಅಥವಾ ಇಲ್ಲ. ಬಂದ ಉದ್ದೇಶ.

ಅಲ್ಲಿವರೆಗೆ ಸುಮ್ಮನಿದ್ದ ಅಪ್ಪಯ್ಯ, "ಉದ್ದೇಶ ಎಂತದಾ? ಅಜ್ಜನ ಮನೆ ಅಂತ ಬರಿ" ಅಂದರು.

ತಮ್ಮ 'ಬಂಧುಗಳ ಭೇಟಿ' ಅಂತ ಹಾಕಿದ. ಅವರು ಅದನ್ನು ಓದಿಸಿ ಕೇಳಿದರು, ಇನ್ನೊಂದು ಸಲ ಓದಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನಾನು ಹತ್ತು ತಿಂಗಳಿಂದ ತಪ್ಪಿಸಿಕೊಂಡು ಬಂದ ಪ್ರಶ್ನೆ ಕೇಳಿಯೇಬಿಟ್ಟರು. "ವರ್ಷ ತುಂಬೋದ್ರೊಳಗೆ ನಮ್ಮ ದೂತಾವಾಸದಲ್ಲಿ ಬರೆಸಿದ್ರೆ ಇವಳು ಇಲ್ಲಿಯವಳೇ ಆಗ್ತಾಳಂತಲ್ಲ? ತೀರ್ಥಹಳ್ಳಿ ವಕೀಲರು ಹೇಳಿದ್ರು. ಇನ್ನೂ ಎರಡು ತಿಂಗಳಿದೆ ಅಲ್ದನೆ?"

ವಕೀಲರು ಹೇಳಿದ್ದು ಸರಿ. ಹೊರಗೆ ಹುಟ್ಟಿದ ಮಗುವಿಗೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಭಾರತೀಯರಾದರೂ ಸಾಕು. 1992 ಡಿಸೆಂಬರ್ 10ಕ್ಕೆ ಮೊದಲು ತಂದೆ ಮಾತ್ರ ಲೆಕ್ಕಕ್ಕಿದ್ದ, ತಾಯಿಯ ಕಡೆಯಿಂದ ಪೌರತ್ವ ಬರುತ್ತಲೇ ಇರಲಿಲ್ಲ. ನನ್ನ ಮಗಳು ಆಗ ಹುಟ್ಟಿದ್ದರೆ ಈ ಮಾತೇ ಏಳುತ್ತಿರಲಿಲ್ಲ. 2004 ಡಿಸೆಂಬರಿನಿಂದ ಈಚೆಗೆ ಹುಟ್ಟಿದವರದ್ದಾದರೆ, ವರ್ಷದೊಳಗೆ ದೂತಾವಾಸದಲ್ಲಿ ನೋಂದಾಯಿಸಬೇಕು. ಜೊತೆಗೆ ಅಪ್ಪ ಅಮ್ಮ ಒಂದು ಘೋಷಣೆ ಬರೆದುಕೊಡಬೇಕು, ಈ ಮಗುವಿನ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ.

ಆ ಒಂದು ಸಾಲಿಗೆ ನಾನು ಸಹಿ ಹಾಕುವ ಹಾಗಿಲ್ಲ. ಫೆಬ್ರವರಿಯಿಂದ ಇಲ್ಲ.

ಅಪ್ಪಯ್ಯನಿಗೆ ಇದನ್ನು ಹೇಳಿರಲಿಲ್ಲ. ಫೋನಿನಲ್ಲಿ ಪ್ರತಿ ಭಾನುವಾರ ಮಾತಾಡ್ತಿದ್ದೆ, ಒಂದು ಸಲವೂ ಹೇಳಲಿಲ್ಲ. ಫೆಬ್ರವರಿಯಲ್ಲಿ ಅಜ್ಜಿ ಹಾಸಿಗೆ ಹಿಡಿದಳು. "ಕೂಸನ್ನ ಒಂದ್ಸಲ ತೋರ್ಸೆ" ಅಂತ ಅವಳು ವಿಡಿಯೋದಲ್ಲಿ ಕೈ ಚಾಚಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದೂತಾವಾಸದ ದಾರಿ ಹಿಡಿದಿದ್ದರೆ ಮೊದಲು ಜನನ ನೋಂದಣಿ, ಆಮೇಲೆ ಪಾಸ್‌ಪೋರ್ಟ್. ಜರ್ಮನಿಯವರ ಲೆಕ್ಕದಲ್ಲಿ ಅವಳು ಹುಟ್ಟಿದಾಗಲೇ ಅವರ ಪ್ರಜೆ, ಅಪ್ಪ ಅಲ್ಲಿಯವನು. ಅವರ ಊರ ಕಚೇರಿಯಲ್ಲಿ ಬೇಗ ಆಗುತ್ತೆ ಅಂದರು. ನಾನೂ ಅವನೂ ಹೋಗಿ ಅರ್ಜಿ ಕೊಟ್ಟೆವು. ಪಾಸ್‌ಪೋರ್ಟ್ ಬಂತು. ಅದರ ಮೇಲೆ ವೀಸಾಕ್ಕೆ ಓಡಾಡುತ್ತಿರುವಾಗಲೇ, ಮಾರ್ಚ್ ಮೊದಲ ವಾರ ಅಜ್ಜಿ ಹೋದಳು.

ಯಾವುದಕ್ಕಾಗಿ ಅಷ್ಟು ಅವಸರ ಮಾಡಿದೆನೋ ಅದು ಆಗಲಿಲ್ಲ. ಅವಸರದಲ್ಲಿ ಕೊಟ್ಟದ್ದು ಮಾತ್ರ ಹೋಯಿತು.

ಇದನ್ನೆಲ್ಲ ಜಗಲಿಯಲ್ಲಿ ಕೂತು ಹೇಳಿದೆ. ಅಮ್ಮ ಅಡಿಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು. ಅಜ್ಜಿ ಮಾತು ಬಂದ ಕೂಡಲೇ ಒಳಗೆ ಹೋದಳು. ಅಪ್ಪಯ್ಯ ಬೈಯ್ಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗ್ತಿತ್ತು. ಪುಟ್ಟಿಯ ಕೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸುತ್ತಾ, "ವಾಪಸ್ ಕೊಟ್ರೆ?" ಅಂತ ಕೇಳಿದರು.

ಕೊಟ್ಟರೂ ಅವಳು ಅಲ್ಲಿಯ ಪ್ರಜೆಯಾಗಿಯೇ ಇರುತ್ತಾಳೆ, ಅಲ್ಲಿಗೆ ಹೋಗಿಬರಲು ಅಲ್ಲಿಯ ಪಾಸ್‌ಪೋರ್ಟೇ ಬೇಕು ಅಂದೆ. ಇಲ್ಲಿ ಬರೆಸಿದ್ದರೂ ಹದಿನೆಂಟು ತುಂಬಿದ ಆರು ತಿಂಗಳಲ್ಲಿ ಅವಳು ಆ ದೇಶದ್ದನ್ನು ಬಿಡಬೇಕಿತ್ತು, ಬಿಡದಿದ್ದರೆ ನಮ್ಮದು ತಾನಾಗಿಯೇ ಹೋಗುತ್ತಿತ್ತು. ಈಗ ಒಸಿಐ ಕಾರ್ಡಿಗೆ, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡಿಗೆ ಹಾಕಿದ್ದೀವಿ, ಅದು ಬಂದರೆ ಜೀವನಪೂರ್ತಿ ವೀಸಾ ಬೇಡ, ಮನೆಯಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು ಅಂದೆ. ಹೇಳುತ್ತಾ ಹೇಳುತ್ತಾ ನನ್ನ ಸ್ವರ ಏರುತ್ತಿತ್ತು. ಯಾರೂ ಎದುರಾಡುತ್ತಿರಲಿಲ್ಲ.

"ವೋಟು?"

ವೋಟಿಲ್ಲ ಅಂದೆ.

ಅಪ್ಪಯ್ಯ ಒಂದು ಅವಧಿ ಪಂಚಾಯ್ತಿ ಮೆಂಬರ್ ಆಗಿದ್ದವರು. ಎಂಥಾ ಮಳೆಯಿದ್ದರೂ ಕಾಲುಸಂಕ ದಾಟಿ ಹೋಗಿ ವೋಟು ಹಾಕಿಬರುವ ಮನುಷ್ಯ. ತಲೆ ಆಡಿಸಿದರು, ಅಷ್ಟೇ.

ಒಸಿಐ ಅರ್ಜಿಯಲ್ಲಿ ಸಹಿ ಜಾಗಕ್ಕೆ ಪುಟ್ಟಿಯ ಹೆಬ್ಬೆಟ್ಟು ಒತ್ತಿಸಿದ್ದು ನೆನಪಾಯಿತು. ಮೇ ತಿಂಗಳಲ್ಲಿ, ಅಡಿಗೆ ಮೇಜಿನ ಮೇಲೆ. ಅವನು ಮಗುವನ್ನು ಹಿಡಿದುಕೊಂಡ, ನಾನು ಬೆರಳಿಗೆ ನೀಲಿ ಇಂಕು ಹಚ್ಚಿದೆ. ಮುಷ್ಟಿ ಬಿಡಲೇ ಇಲ್ಲ ಅವಳು. ಒಂದು ಕಡಲೆ ಬೇಳೆಯಷ್ಟು ಬೆರಳ ತುದಿ, ಅಷ್ಟು ಸಣ್ಣ ಚೌಕ, ಮೂರು ಪ್ರತಿ ಹಾಳಾಗಿ ನಾಲ್ಕನೆಯದರಲ್ಲಿ ಸರಿಯಾಗಿ ಮೂಡಿತು. ಹಾಳಾದ ಮೂರನ್ನೂ ಇಟ್ಟುಕೊಂಡಿದ್ದೀನಿ.

ಮೊನ್ನೆ ರಾತ್ರಿ ಬೆಂಗಳೂರಲ್ಲಿ ಇಳಿದಾಗಲೂ ಹಾಗೇ. ಕಾಲು ತಾನಾಗಿ ಭಾರತೀಯರ ಸಾಲಿಗೆ ಹೋಯಿತು. ಕೌಂಟರಿನವರು ನನ್ನ ನೀಲಿ ಪಾಸ್‌ಪೋರ್ಟ್ ನೋಡಿದರು, ಮಗುವಿನ ಕೆಂಪು ಪಾಸ್‌ಪೋರ್ಟ್ ನೋಡಿದರು, "ಮಗೂದು ಆ ಕಡೆ ಮೇಡಂ" ಅಂತ ತೋರಿಸಿದರು. ಮರ್ಯಾದೆಯಿಂದಲೇ ಹೇಳಿದ್ದು. ಹೊಟ್ಟೆಗೆ ಕಟ್ಟಿಕೊಂಡಿದ್ದ ಮಗು ನಿದ್ದೆಯಲ್ಲಿತ್ತು. ಒಂದೇ ಬಟ್ಟೆಯಲ್ಲಿ ಸುತ್ತಿಕೊಂಡಿದ್ದೀವಿ, ಸಾಲು ಬೇರೆ. ವಿದೇಶಿಯರ ಸಾಲಿಗೆ ಹೋಗಿ ನಿಂತೆ. ಕನ್ನಡದ ನೆಲಕ್ಕೆ ಬಂದು ಹತ್ತು ನಿಮಿಷ ಆಗಿತ್ತು, ಅಳು ಬಂತು. ಪಕ್ಕದವರು ಪ್ರಯಾಣದ ಆಯಾಸ ಅಂದುಕೊಂಡಿರಬೇಕು.

ನನ್ನದೇ ಕಾಗದದ ಕಥೆ ಇಷ್ಟು ನೋವು ಕೊಟ್ಟಿರಲಿಲ್ಲ. 2022ರಲ್ಲಿ ಸ್ಪೆಷಲ್ ಮ್ಯಾರೇಜ್ ಆ್ಯಕ್ಟಿನಲ್ಲಿ ಮದುವೆಯಾಗಲು 30 ದಿನದ ನೋಟಿಸ್ ಬೋರ್ಡಿಗೆ ಹಚ್ಚಿದ್ದರು. ಊರಿಗೆಲ್ಲ ಗೊತ್ತಾಗಿ, ಮೂರು ಸಾಕ್ಷಿ ಬೇಕಾದ ಕಡೆ ಹನ್ನೊಂದು ಜನ ಬಂದಿದ್ದರು. ಅವನು ತನ್ನ ಊರಿಂದ 'ಈತ ಮದುವೆಯಾಗಲು ಅಡ್ಡಿಯಿಲ್ಲ' ಅನ್ನುವ ಪತ್ರ ತಂದಿದ್ದ, ಅದನ್ನು ಅಪ್ಪಯ್ಯ ಕನ್ನಡ ಮಾಡಿಸಿ ಓದಿದ್ದರು. ಆಮೇಲೆ ಗಂಡನ ಮನೆಗೆ ಹೋಗಲು ಪರೀಕ್ಷೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ಜರ್ಮನ್ ಪಾಸು ಮಾಡಿ, ವೀಸಾಕ್ಕೆ ತಿಂಗಳುಗಟ್ಟಲೆ ಕಾದು ಹೊರಟದ್ದು ಆ ಸೆಪ್ಟೆಂಬರಿಗೆ. ಅದೆಲ್ಲ ನಾನೇ ಆರಿಸಿಕೊಂಡದ್ದು, ಕಷ್ಟವಾದರೂ ನನ್ನದು. ಮಗುವಿನದು ಹಾಗಲ್ಲ. ಅವಳ ಪರವಾಗಿ ನಾನು ಆರಿಸಿದೆ.

ಬರುವ ಸೆಪ್ಟೆಂಬರಿಗೆ ನನಗೆ ಅಲ್ಲಿ ಮೂರು ವರ್ಷ. ಜರ್ಮನ್ ಪ್ರಜೆಯ ಹೆಂಡತಿ ಅಂತ ಪೌರತ್ವಕ್ಕೆ ಅರ್ಜಿ ಹಾಕಬಹುದು. ಕಳೆದ ವರ್ಷ ಜೂನ್ 27ರಿಂದ ಅವರ ಕಾನೂನು ಬದಲಾಗಿದೆ, ಹಳೆಯದನ್ನು ಬಿಡಿ ಅಂತ ಅವರು ಈಗ ಕೇಳುವುದಿಲ್ಲ. "ಮೂವರದ್ದೂ ಒಂದೇ ಆಗ್ಲಿ" ಅಂತ ಅವನು ಹೋದ ತಿಂಗಳು ಹೇಳಿದ. ಅವನ ಮಾತಿನಲ್ಲಿ ತಪ್ಪಿಲ್ಲ, ಏರ್‌ಪೋರ್ಟಿನಲ್ಲಿ ನಾವು ಬೇರೆಯಾಗುವುದನ್ನು ಅವನೂ ನೋಡಿದ್ದಾನೆ. ಆದರೆ ನಮ್ಮ ದೇಶ ಎರಡನ್ನು ಒಪ್ಪುವುದಿಲ್ಲ. ಅವರದ್ದು ತೆಗೆದುಕೊಂಡ ಗಳಿಗೆಯಲ್ಲಿ ನಮ್ಮದು ಹೋಯಿತು, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್. ನೀಲಿ ಪಾಸ್‌ಪೋರ್ಟ್ ಒಪ್ಪಿಸಿಬಿಡಬೇಕು. ಮನೆಯಲ್ಲಿ ಒಬ್ಬಳಾದರೂ ಇಲ್ಲಿಯವಳಾಗಿ ಇರಬೇಕು ಅಂತ ನನಗೆ. ಇದು ಹಟ ಅಂತ ಅವನಿಗೆ ಅನಿಸಿದರೆ ಅನಿಸಲಿ, ನಾನು ಹಾಕುವುದಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅಪ್ಪಯ್ಯ ಮತ್ತೆ ಮಾತು ತೆಗೆದರು. ಈ ಸಲ ಬೇರೆ ವಿಷಯ. ಹೊಳೆಬದಿಯ ಇಪ್ಪತ್ತು ಗುಂಟೆ ತೋಟ ಪುಟ್ಟಿಯ ಮೊದಲ ಹುಟ್ಟುಹಬ್ಬಕ್ಕೆ ದಾನಪತ್ರ ಮಾಡಿಸಬೇಕು ಅಂದುಕೊಂಡಿದ್ದರಂತೆ. ಅಜ್ಜಿ ಇದ್ದಾಗಲೇ ಆಡಿಕೊಂಡ ಮಾತು. ನಾನು ಬಂದಾಗ ಹೇಳೋಣ ಅಂತ ಯಾರೂ ಬಾಯಿ ಬಿಟ್ಟಿರಲಿಲ್ಲ.

ನನಗೆ ಎದೆ ಧಸಕ್ಕೆಂದಿತು. ಒಸಿಐ ಇದ್ದವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ದಾನವಾಗಿಯೂ ತೆಗೆದುಕೊಳ್ಳುವ ಹಾಗಿಲ್ಲ. ವಾರಸಿನಿಂದ ಬಂದರೆ ಮಾತ್ರ ಆಗುತ್ತೆ. ಅಂದರೆ ಅಪ್ಪಯ್ಯ ಬದುಕಿರುವಾಗ, ತಮ್ಮ ಕೈಯಾರೆ, ಆ ಹುಡುಗಿಯ ಕೈಗೆ ಆ ತೋಟ ಕೊಡಲಾರರು. ಅವರು ಹೋದ ಮೇಲೆ ಬರಬೇಕು. ಇದನ್ನು ಹೇಗೆ ಹೇಳುವುದು? ಹೇಳಿದೆ, ಬೇರೆ ದಾರಿಯಿರಲಿಲ್ಲ. ಇನ್ನೊಂದು ವಿಷಯ ಮುಚ್ಚಿಡುವ ಶಕ್ತಿ ನನಗಿಲ್ಲ.

ಅವರು ಬಹಳ ಹೊತ್ತು ಮಳೆ ನೋಡಿದರು. ತುಂಗೆ ಮೇಲೆ ಬಂದಿದ್ದಾಳೆ, ಹಿತ್ತಲಿನವರೆಗೆ ಸದ್ದು ಕೇಳುತ್ತೆ. "ಶಿವಮೊಗ್ಗದಲ್ಲಿ ಮಂಟಪ ಮುಳುಗಿತಾ?" ಅಂತ ತಮ್ಮನನ್ನು ಕೇಳಿದರು. ಅವನು ಗೊತ್ತಿಲ್ಲ ಅಂದ. ಆಮೇಲೆ ನನಗೆ, "ಹಂಗಾದ್ರೆ ಉಯಿಲು ಬರೀತೀನಿ. ನಾಳೆ ಮಳೆ ಬಿಟ್ರೆ ತೀರ್ಥಹಳ್ಳಿಗೆ ಹೋಗನ, ನೀನೂ ಬಾ. ಅವಳ ಹೆಸರು ಆ ಪಾಸ್‌ಪೋರ್ಟಿನಲ್ಲಿ ಹೆಂಗಿದೆಯೋ ಹಂಗೇ ಬರೆಸ್ಬೇಕು, ಒಂದಕ್ಷರ ಹೆಚ್ಚುಕಮ್ಮಿ ಆಗ್ಬಾರ್ದು" ಅಂದರು.

ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡು ಅಂದರು. ಜರ್ಮನ್ ಮನೆತನದ ಹೆಸರು, ಉದ್ದ. ಕನ್ನಡದಲ್ಲಿ ಬರೆದುಕೊಟ್ಟೆ. ದೀಪದ ಬೆಳಕಿನಲ್ಲಿ ಕಣ್ಣಿನ ಹತ್ತಿರ ಹಿಡಿದು, ಕೂಡಿಸಿ ಕೂಡಿಸಿ ಓದಿದರು. ಎರಡನೇ ಸಲಕ್ಕೆ ಸರಿಯಾಗಿ ಬಂತು. ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು.

ಅವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಬೇಕು ಅನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ಸಿ ಫಾರ್ಮ್ ಹೋಯಿತೋ ಇಲ್ಲವೋ ಅಂತ ತಮ್ಮನೂ ಮೂರು ಸಲ ಅಂಗಳದ ತುದಿಗೆ ಕೊಡೆ ಹಿಡಿದು ಓಡಿದ್ದ. ಹೋಗಿದೆಯಂತೆ. ಅದರಲ್ಲಿ ಕೊನೆಗೊಂದು ಕಾಲಂ ಇತ್ತು, ಇಲ್ಲಿಂದ ಮುಂದೆ ಎಲ್ಲಿಗೆ ಅಂತ. ಅಲ್ಲಿ ಎಂತ ಹಾಕಿದೆ ಅಂತ ಅವನನ್ನು ಕೇಳಲು ಮರೆತೆ, ನಾಳೆ ಬೆಳಿಗ್ಗೆ

ಪುಟ್ಟಿ ಎದ್ದಳು.