ದಿಬ್ಬದ ನೆತ್ತಿಯಲ್ಲಿ ಕೂತ ಕೋಶ

ರಕ್ತದ ಆಕರಕೋಶ ಕೆಂಪುಕಣದ ದಾರಿ ಹಿಡಿಯುವುದೋ ಬಿಳಿಕಣದ್ದೋ ಎಂಬುದರ ಹಿಂದೆ ಗಾಟಾ-1, ಪಿಯು.1 ಪ್ರೋಟೀನುಗಳ ಹಗ್ಗಜಗ್ಗಾಟವಿದೆ. ಪ್ರತಿಯೊಂದೂ ತನ್ನನ್ನು ಹೆಚ್ಚಿಸಿಕೊಳ್ಳುತ್ತೆ, ಎದುರಿನದನ್ನು ತಡೆಯುತ್ತೆ. ಮಾದರಿಗೆ ಎರಡೇ ಸಮೀಕರಣ ಸಾಕು. ಹಿಲ್ ಘಾತ (ಪ್ರತಿಕ್ರಿಯೆ ಎಷ್ಟು ಕಡಿದಾಗಿ ಬದಲಾಗುತ್ತೆ ಎಂಬುದು) 4, ಮಿತಿ (ಪರಿಣಾಮ ಅರ್ಧಕ್ಕೆ ಬರುವ ಪ್ರಮಾಣ) 0.5, ಕ್ಷಯದರ 1, ಎದುರಾಳಿ ತಡೆಯುವ ಮೂಲ ಉತ್ಪಾದನೆ 1 ಇಡಿ. ಸ್ವಪ್ರಚೋದನೆಯೂ 1 ಆದರೆ ಮೂರು ಕಣಿವೆ, ಅಂದರೆ ಕೋಶ ನೆಲೆನಿಲ್ಲುವ ಮೂರು ಸ್ಥಿತಿ; 0.7ಕ್ಕೆ ಇಳಿಸಿದರೆ ನಡುವಿನದು ದಿಬ್ಬವಾಗುತ್ತೆ, ಕೋಶ ಒಂದು ಕಡೆ ಉರುಳಲೇಬೇಕು.

ಆದರೂ ಕಂಪ್ಯೂಟರಿನಲ್ಲಿ ಉರುಳಲ್ಲ! ಎರಡು ಪ್ರೋಟೀನನ್ನೂ ಸರಿಸಮ ಇಟ್ಟು, ಗದ್ದಲ (ಯಾದೃಚ್ಛಿಕ ಏರಿಳಿತ) ಸೇರಿಸದೆ ಶುರುಮಾಡಿದರೆ ನೆತ್ತಿಯಲ್ಲೇ ಕೂತುಬಿಡುತ್ತೆ. ಗದ್ದಲ ಸೇರಿಸುವಾಗ ಅದನ್ನು ಕಾಲಹೆಜ್ಜೆಯ (ಲೆಕ್ಕ ಒಂದೊಂದು ಸಲ ಮುಂದೆ ಸಾಗುವ ಪುಟ್ಟ ಅವಧಿಯ) ವರ್ಗಮೂಲದಿಂದ ಗುಣಿಸಿ. ಹೆಜ್ಜೆಯಿಂದಲೇ ಗುಣಿಸಿದರೆ ಹೆಜ್ಜೆ ಕಿರಿದಾದಷ್ಟೂ ಗದ್ದಲ ಸತ್ತುಹೋಗುತ್ತೆ. ಅಂದಹಾಗೆ, ಕೋಶವನ್ನು ಕಣಿವೆಗೆ ಉರುಳುವ ಚೆಂಡಿನಂತೆ ತೋರಿಸುವ, ಜೀವವಿಜ್ಞಾನಿ ವಾಡಿಂಗ್ಟನ್ನರ 1957ರ ಬೆಟ್ಟ-ಕಣಿವೆ ಚಿತ್ರ ಚಂದವೇ. ಈ ಸಮೀಕರಣಗಳಲ್ಲಿ ಮಾತ್ರ ಕೋಶವನ್ನು ಸುತ್ತಿಸುವ ಸುಳಿಯೂ ಇದೆ, ಬರೀ ಇಳಿಜಾರಲ್ಲ.