ಸಾಸಿವೆ ಸಿಡಿಯುವ ಹೊಸ ತಟ್ಟೆ

ಮಂಗಳೂರು, 21 ಜುಲೈ 2024, ಭಾನುವಾರ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಹಂಪನಕಟ್ಟೆಯ ಕೆಲಸವನ್ನು ನಾಳೆಗೆ ತಳ್ಳಿ, ಮೊನ್ನೆ ಕೊರಿಯರ್‌ನಲ್ಲಿ ಬಂದ ಹೊಸ ಎಲ್‌ಪಿಯನ್ನು, ಎಂದರೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಹಾಡಿನ ತಟ್ಟೆಯನ್ನು, ಬಿಚ್ಚಿದೆ. 180 ಗ್ರಾಂ ತೂಕದ ದಪ್ಪ ತಟ್ಟೆ, ಬೆಲೆ ಮೂರು ಸಾವಿರದ ಹತ್ತಿರ. ಪ್ಲೇಯರಿನ ಮುಳ್ಳು ಇಳಿಸಿದ್ದೇ ತಡ, ಚಟಪಟ ಶುರುವಾಯಿತು. ಅಡುಗೆಮನೆಯಿಂದ ಅಮ್ಮ, “ಒಗ್ಗರಣೆಗೆ ನಾನಿನ್ನೂ ಇಟ್ಟೇ ಇಲ್ಲ, ಸಾಸಿವೆ ಎಲ್ಲಿ ಸಿಡಿಯುತ್ತಿದೆ?” ಎಂದು ಕೇಳಿದರು.

ಮಾರಿದವರಿಗೆ ಫೋನ್ ಮಾಡಿದರೆ, “ಸರ್, ವಿನೈಲ್ ಎಂದರೆ ಹಾಗೆಯೇ, ಅದೇ ಅದರ ಸೊಗಸು” ಎಂದರು. ಈ ಮಾತಿಗೆ ನನಗೆ ಮೈ ಉರಿಯುತ್ತದೆ. ಸದ್ದು ಹುಟ್ಟುಗುಣವಾಗಿದ್ದದ್ದು ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ‘78ರ’ ತಟ್ಟೆಗಳಿಗೆ. ಅವು ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡಿದವು. ಮುಳ್ಳು ಅದನ್ನು ಉಜ್ಜಿಕೊಂಡೇ ಸಾಗಬೇಕು. 1948ರಲ್ಲಿ ಬಂದ ವಿನೈಲ್ ಎಲ್‌ಪಿಯ ಹೆಚ್ಚುಗಾರಿಕೆಗಳಲ್ಲಿ ಆ ಸರಸರ ಇಲ್ಲದಿರುವುದೂ ಒಂದು. ಕಳೆದುಕೊಂಡ ರೋಗವನ್ನೇ ಈಗ ಸೊಗಸು ಎಂದು ಮಾರುತ್ತಾರೆ.

ಮೊದಲು ಸ್ಥಿರವಿದ್ಯುತ್ತಿನ ಮೇಲೆ ಅನುಮಾನ ಬಂತು. ಆದರೆ ಆಟಿ ತಿಂಗಳ ಮಳೆಯ ಈ ತೇವದಲ್ಲಿ ಅದು ನಿಲ್ಲುವುದೆಲ್ಲಿ? ಹಪ್ಪಳವೇ ಮೆತ್ತಗಾಗುವ ಹವೆ. ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಸೋಪು ಹಾಕಿ, ಲೇಬಲ್ ನೆನೆಯದಂತೆ ಗೆರೆಯ ಗುಂಟ ತೊಳೆದೆ. ಮತ್ತೆ ಬರಿಯ ನೀರಿನಲ್ಲಿ ಒರೆಸಿ, ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಚಟಪಟ ಮುಕ್ಕಾಲು ಪಾಲು ಹೋಯಿತು: ಒಳಚೀಲದ ಕಾಗದದ ಪುಡಿ. ಎರಡನೇ ಬದಿಯಲ್ಲಿ ಮಾತ್ರ ಬಟ್ಟೆ ಹರಿದಂತೆ ‘ಸರ್ರ್’ ಎನ್ನುವ ಒಂದು ಸದ್ದು ಹಾಗೆಯೇ ಉಳಿಯಿತು. ಟಾರ್ಚ್ ಓರೆಯಾಗಿ ಹಿಡಿದರೆ ಅಲ್ಲಿ ಮಂಕಾದ ಪಟ್ಟಿ. ಅಚ್ಚೊತ್ತುವಾಗ ಕಾದ ವಿನೈಲ್ ಗೆರೆಯನ್ನು ಪೂರ್ತಿ ತುಂಬಿಲ್ಲ. ಇದಕ್ಕೆ ಯಾವ ಸ್ನಾನವೂ ಇಲ್ಲ, ವಾಪಸು ಕಳಿಸುವುದೇ.

ಅದೇ ನೀರು ಮಿಕ್ಕಿತ್ತಾದ್ದರಿಂದ, ಉಡುಪಿಯ ದೊಡ್ಡಪ್ಪನ ಮನೆಯ ಅಟ್ಟದಿಂದ ತಂದ ಹಳೆಯ ಎಲ್‌ಪಿಗೂ ಕೈ ಹಾಕಿದೆ. ಕೋಲ್ಕತ್ತದ ದಮ್‌ದಮ್‌ನಲ್ಲಿ ಅಚ್ಚಾದ ಹಿಂದೂಸ್ತಾನಿ ಖಯಾಲ್ ಗಾಯನ. ಅದರ ಮೇಲೆ ಬಿಳಿ ಬೂಷ್ಟು ಎಷ್ಟಿತ್ತೆಂದರೆ ಗೆರೆಗಳೇ ಕಾಣುತ್ತಿರಲಿಲ್ಲ. ಇದಕ್ಕೆ ನೀರಿನಲ್ಲಿ ಸ್ವಲ್ಪ ಸ್ಪಿರಿಟ್ ಸೇರಿಸಿದೆ. (78ರ ತಟ್ಟೆಗೆ ಮಾತ್ರ ಸ್ಪಿರಿಟ್ ತಾಗಿಸಬಾರದು, ಅರಗು ಕರಗುತ್ತದೆ. ಹೀಗೆ ಒಂದನ್ನು ನಾನೇ ಕೊಂದಿದ್ದೇನೆ.) ಮೂರು ಸಲ ತೊಳೆದ ಮೇಲೆ ಹಾಕಿದೆ. ಆಲಾಪ ದೊಡ್ಡ ಪರೀಕ್ಷೆ. ತಬಲಾ ಬಂದರೆ ಸಣ್ಣಪುಟ್ಟ ಸದ್ದು ಅಡಗಿಕೊಳ್ಳುತ್ತದೆ, ಬರಿಯ ತಂಬೂರಿಯ ನಡುವೆ ಅಡಗಲು ಜಾಗವಿಲ್ಲ. ಕಿವಿಗೊಟ್ಟು ಕುಳಿತೆ. ತಂಬೂರಿ, ದನಿ, ಮತ್ತೇನಿಲ್ಲ. ಸ್ವಲ್ಪ ಮುಂದೆ ಒಂದು ಗೀರು ‘ಟಿಕ್’ ಎಂದಿತು, ಮತ್ತೆ ‘ಟಿಕ್’. ನಿಮಿಷಕ್ಕೆ 33⅓ ಸುತ್ತು ಎಂದರೆ ಸುತ್ತಿಗೆ 1.8 ಸೆಕೆಂಡು, ಆ ಲೆಕ್ಕ ತಪ್ಪದೆ ಎಂಟು ಹತ್ತು ಸಲ ಬಡಿದು ನಿಂತಿತು. ಕೊನೆಯಲ್ಲಿ, ಲೇಬಲ್‌ನ ಹತ್ತಿರ, ತಾನಗಳು, ಎಂದರೆ ವೇಗದ ಸ್ವರಗಳ ಓಟ, ಕೊಂಚ ಒರಟಾದವು. ಅದರಲ್ಲಿ ಅರ್ಧ ದೊಡ್ಡಪ್ಪನ ಹಳೆಯ ಪ್ಲೇಯರಿನ ಭಾರದ ಮುಳ್ಳು ಸವೆಸಿದ್ದಿರಬೇಕು. ಇನ್ನರ್ಧ ತಟ್ಟೆಯ ಸ್ವಭಾವ: ಅಂಚಿನಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಓಡುವ ಗೆರೆ ಒಳಗೆ ಬರುವಾಗ ಇಪ್ಪತ್ತು ಸೆಂಟಿಮೀಟರಿಗೆ ಇಳಿದಿರುತ್ತದೆ, ಅಷ್ಟೇ ಜಾಗದಲ್ಲಿ ಎಲ್ಲವನ್ನೂ ಒತ್ತಿ ತುಂಬಬೇಕು.

ಹೊಸ ಒಳಚೀಲ ಹಾಕಿ ಎತ್ತಿಟ್ಟೆ. ಹಳೆಯ ರಟ್ಟಿನ ಕವರಿಗೆ ಮಾತ್ರ ಇನ್ನೂ ಅಟ್ಟದ ವಾಸನೆ.

“ಬಿಸಿಲು ಬಂದರೆ ಹಲಸಿನ ಹಪ್ಪಳದ ಜೊತೆ ಚಾಪೆಯ ಮೇಲೆ ಹಾಕುತ್ತೇನೆ ಬಿಡು” ಎಂದರು ಅಮ್ಮ.

“ಕವರ್ ಮಾತ್ರ ಅಮ್ಮ. ತಟ್ಟೆ ಹಾಕಿದರೆ ಅದೂ ಹಪ್ಪಳವೇ.”